ಅಕ್ಕಯ್ಯಮ್ಮನ ಅಂಗುಳ

ನಮ್ಮತ್ತೆ ಅಕ್ಕಯ್ಯಮ್ಮನವರಿಗೆ ಅನುಮಾನ ಪಡುವುದೇ ಒಂದು ಉದ್ಯೋಗ. ಬೆಳಿಗ್ಗೆ ಎದ್ದವರು ಮೊದಲು ಹಾಲಿನ ಪ್ಯಾಕೆಟ್ಟನ್ನು ಮೂಸುತ್ತಾರೆ. ಒಡೆಯದ ಪ್ಯಾಕೆಟ್ಟನ್ನು ಹೊರಗಿನಿಂದ ಮೂಸಿದರೆ ಏನು ಗೊತ್ತಾಗುತ್ತದೆ ಅತ್ತೆ ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ನಿನಗೆ ಗೊತ್ತಾಗಲ್ಲ ಬಿಡು ಎಂದರು. ನಾವು ಬಾಡಿಗೆಗೆ ಕೊಟ್ಟಿರುವ ಮನೆಗಳ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೆಂದರೆ ಯಾರ ಮನೆಗೆ ಯಾರು ಬಂದರು, ಬಂದವರು ವಾಪಸ್ಸು ಹೋದರೋ ಇಲ್ಲವೋ, ಯಾವ ಮನೆಯ ಡ್ರಮ್ಮು ಎಷ್ಟು ತುಂಬಿತು, ಎಲ್ಲ ಅವರ ಕಣ್ಣಿಗೆ ಬೀಳಲೇಬೇಕು. ಗ್ಯಾಸ್ ತಂದವನನ್ನು ನಿಲ್ಲಿಸಿ ಸಿಲಿಂಡರನ್ನು ಅಲ್ಲಾಡಿಸಿ ನೋಡುತ್ತಾರೆ. ಗಣೇಶನ ಹಬ್ಬದಲ್ಲಿ ಪ್ರಸಾದ ತಂದ ಹುಡುಗರನ್ನೂ ಯಾರ ಮನೆಯಲ್ಲಿ ಮಾಡಿದ್ದು ಎಂದು ಕೇಳಿದ ಮೇಲೆಯೇ ಕೈ ಒಡ್ಡುತ್ತಾರೆ.

ಹಾಗೆಂದು ಅವರನ್ನು ಹಗುರ ಮಾಡಿ ಮಾತಾಡಿದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಹೆಗ್ಗನಹಳ್ಳಿ ಇನ್ನೂ ನಿಜವಾಗಿ ಹಳ್ಳಿಯಾಗಿದ್ದ ಕಾಲದಲ್ಲಿ ಈ ಮನೆಗೆ ಸೊಸೆಯಾಗಿ ಬಂದವರು ಅವರು. ರಾಗಿ ಹೊಲ, ಹುರುಳಿ ಹೊಲ, ಎರಡು ಜೊತೆ ಎತ್ತು. ನಮ್ಮ ಮಾವ ಮುನಿಯಪ್ಪನವರು ತೀರಿಕೊಂಡಾಗ ನನ್ನ ಗಂಡ ಯೋಗಾನಂದ ಹೈಸ್ಕೂಲು ಹುಡುಗ. ಸುತ್ತಲಿನ ಜಮೀನೆಲ್ಲ ಸೈಟುಗಳಾಗಿ ಹರಿದುಹೋಗುತ್ತಿದ್ದಾಗ, ಯಾವ ಬ್ರೋಕರನ ಸಿಹಿ ಮಾತಿಗೂ ಬಗ್ಗದೆ ತಮ್ಮ ಪಾಲನ್ನು ಉಳಿಸಿಕೊಂಡು ಒಂದೊಂದಾಗಿ ಬಾಡಿಗೆ ಮನೆ ಕಟ್ಟಿಸಿದರು. ಮೇಸ್ತ್ರಿ ಸಿಮೆಂಟು ಕದಿಯುತ್ತಾನೆಂದು ಮೂಟೆಗಳ ಮೇಲೆ ಕೂತೇ ಊಟ ಮಾಡುತ್ತಿದ್ದರಂತೆ. ಆ ಅನುಮಾನ ಇಲ್ಲದಿದ್ದರೆ ಇವತ್ತು ನಮಗೆ ನಿಲ್ಲಲು ನೆಲ ಇರುತ್ತಿರಲಿಲ್ಲ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆದರೆ ಅದೇ ಅನುಮಾನ ಒಬ್ಬರ ಬಾಳನ್ನು ತಿಂದಿತ್ತು. ನಮ್ಮ ಕಾಂಪೌಂಡ್ ಗೋಡೆಯ ಆಚೆ ಇರುವವರು ಇಂದ್ರಮ್ಮ, ಮಾವನ ತಮ್ಮನ ಹೆಂಡತಿ, ನನಗೆ ಚಿಕ್ಕತ್ತೆ. ಮೂವತ್ತು ವರ್ಷದ ಹಿಂದೆ ಒಂದು ಯುಗಾದಿಯ ಮಾರನೆಯ ದಿನ ಮಾವ ತಮ್ಮನ ಮನೆಯಲ್ಲಿ ಬಾಡೂಟ ಮಾಡಿ ಬಂದರು. ಆಮೇಲೆ ಹೊಟ್ಟೆನೋವು ಶುರುವಾಗಿ, ಊಟ ಸೇರದೆ, ಸೊರಗಿ ಸೊರಗಿ ದೀಪಾವಳಿ ಹೊತ್ತಿಗೆ ಹೋಗಿಬಿಟ್ಟರು. ಹೊಟ್ಟೆಯಲ್ಲಿ ಗಂಟು ಕೈಗೆ ಸಿಗುತ್ತಿತ್ತಂತೆ. ಅತ್ತೆ ಒಂದೇ ಮಾತು ಹೇಳಿದರು: ಇಂದ್ರಿ ಮದ್ದು ಹಾಕಿದ್ದಾಳೆ.

ಮದ್ದು ಎಂದರೆ ಡಾಕ್ಟರು ಕೊಡುವುದಲ್ಲ. ಆಗದವರು ಅನ್ನದಲ್ಲೋ ಪಾಯಸದಲ್ಲೋ ಬೆರೆಸಿ ಕೊಡುತ್ತಾರೆ, ಅದು ಒಳಗೆ ಕರಗದೆ ಗಂಟಾಗಿ ಕೂತು, ತಿಂದವರನ್ನು ದಿನದಿನಕ್ಕೆ ಒಣಗಿಸುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಯಾರು ಹಾಕುತ್ತಾರೆ, ಏನು ಹಾಕುತ್ತಾರೆ, ಕಂಡವರು ಯಾರೂ ಇಲ್ಲ. ಹಾಕಿದವಳು ಎಂದು ಒಂದು ಸಲ ಹೆಸರು ಬಿದ್ದರೆ ಮುಗಿಯಿತು. ಆ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟರೆ ಎದುರಿಗೆ ಇಸಿದುಕೊಂಡು ಹಿಂದೆ ಹೋಗಿ ಮೋರಿಗೆ ಹಾಕುತ್ತಾರೆ. ಇಂದ್ರಮ್ಮನ ಮಗಳನ್ನು ಈ ಸುತ್ತಿನವರು ಯಾರೂ ಕೇಳಲಿಲ್ಲ. ಕೊನೆಗೆ ಈ ಕಥೆ ಗೊತ್ತಿಲ್ಲದ ಮುಳಬಾಗಿಲಿನ ಕಡೆಯವರಿಗೆ ಕೊಟ್ಟರು. ಚಿಕ್ಕಮಾವನೂ ಹೋದ ಮೇಲೆ ಅವರು ಒಬ್ಬರೇ. ಅವರ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಒಂದು ತಿಂಗಳು ಚೆನ್ನಾಗಿರುತ್ತಾರೆ, ಆಮೇಲೆ ಯಾರೋ ಕಿವಿಯೂದುತ್ತಾರೆ, ಮಕ್ಕಳು ಅವರ ಕೈಯಿಂದ ಬಿಸ್ಕತ್ತು ತಗೊಳ್ಳುವುದು ನಿಲ್ಲುತ್ತದೆ. ನಾನು ಈ ಮನೆಗೆ ಕಾಲಿಟ್ಟಾಗ ನನಗೆ ಸಿಕ್ಕ ಮೊದಲ ಪಾಠವೂ ಅದೇ: ಮಾತಾಡಿಸು, ಬೇಡ ಅನ್ನಲ್ಲ, ಬಾಯಿಗೆ ಮಾತ್ರ ಏನೂ ಹಾಕ್ಕೋಬೇಡ.

ಈಗ ನನ್ನ ಕಥೆಗೆ ಬರುತ್ತೇನೆ. ಹೋದ ಸಂಕ್ರಾಂತಿ ಹೊತ್ತಿನಲ್ಲಿ ಒಂದು ಭಾನುವಾರ ಹಿತಕಿದ ಅವರೆಬೇಳೆ ಸಾರು, ಮುದ್ದೆ ಮಾಡಿದ್ದೆ. ಅತ್ತೆಗೆ ಸಾರು ಕುದಿಕುದಿಯುತ್ತಲೇ ತಟ್ಟೆಗೆ ಬೀಳಬೇಕು. ಅವತ್ತು ಮೊದಲ ತುತ್ತಿಗೇ ಬಾಯಿ ಸುಟ್ಟುಕೊಂಡರು. ಅಂಗುಳದ ಚರ್ಮ ಬೊಬ್ಬೆ ಎದ್ದು ಸುಲಿಯಿತು. ಸುಟ್ಟ ಜಾಗಕ್ಕೆ ನಾಲಿಗೆ ತಾನೇ ತಾನಾಗಿ ಹೋಗುತ್ತದಲ್ಲ, ಹಾಗೆ ಹೋದ ನಾಲಿಗೆಗೆ ಅಲ್ಲೇನೋ ಸಿಕ್ಕಿತು.

ಅವರು ನನಗೆ ಹೇಳಲಿಲ್ಲ. ಆದರೆ ನಾನೂ ಆ ಮನೆಯಲ್ಲೇ ಬದುಕಿದವಳು, ನನಗೂ ಕಣ್ಣು ಕಲಿತಿದೆ. ಬಾಯಿ ಮುಚ್ಚಿಕೊಂಡೇ ಒಳಗೆ ನಾಲಿಗೆ ಆಡಿಸುತ್ತ ಕೂತಿರುತ್ತಿದ್ದರು. ಕೆನ್ನೆ ಅಲುಗುವುದು ಕಾಣುತ್ತಿತ್ತು. ನನ್ನ ಕೈಗನ್ನಡಿ ಕಾಣೆಯಾಗಿ ಬಚ್ಚಲುಮನೆಯಲ್ಲಿ ಸಿಕ್ಕಿತು. ಕರೆಂಟು ಇರುವಾಗಲೂ ಟಾರ್ಚು ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ವೀಳ್ಯದೆಲೆಗೆ ಹಾಕಿಕೊಳ್ಳುವ ಹೊಗೆಸೊಪ್ಪಿನ ಕಡ್ಡಿಪುಡಿಯನ್ನು ಒಂದು ಹೊತ್ತೂ ಬಿಡದವರು ಅದನ್ನು ಮೂಸಿ ನೋಡಿ ಕಸದ ಬುಟ್ಟಿಗೆ ಹಾಕಿದರು. ಏನಾಯಿತು ಅತ್ತೆ ಎಂದರೆ ಏನಿಲ್ಲ. ಬಾಯಿ ನೋಯುತ್ತಾ ಎಂದರೆ ನಿನಗೆ ಯಾರು ಹೇಳಿದ್ದು ಎಂದು ನನ್ನನ್ನೇ ದುರುಗುಟ್ಟಿ ನೋಡಿದರು.

ಒಂದು ಮಧ್ಯಾಹ್ನ ಮುದ್ದೆ ಬಡಿಸಿದೆ. ಅತ್ತೆ ಒಂದು ಚೂರು ಮುರಿದು, ಸಾರಿನಲ್ಲಿ ಅದ್ದಿ, ಎದ್ದು ಹೋಗಿ ಗೇಟಿನ ಹತ್ತಿರ ಮಲಗಿದ್ದ ಬೀದಿನಾಯಿಗೆ ಹಾಕಿದರು. ಅದು ತಿಂದಿತು. ಅತ್ತೆ ಗೇಟು ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತರು. ಪುಣ್ಯಕ್ಕೆ ಹಾಕುತ್ತಿದ್ದಾರೆ ಅಂದುಕೊಂಡೆ, ಎಂಥ ಪೆದ್ದಿ ನಾನು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನ ಮುದ್ದೆಯೆಲ್ಲ ನಾಯಿಗೆ ಹೋಯಿತು. ನಾಯಿ ಸಾಯಲಿಲ್ಲ, ಮೈ ಕೈ ತುಂಬಿಕೊಂಡು ಮಿರಮಿರ ಮಿಂಚತೊಡಗಿತು. ನಮ್ಮತ್ತೆ ಮಾತ್ರ ಇಳಿದುಹೋದರು.

ಆಗ ಅವರು ಊಟ ಮಾಡುತ್ತಿದ್ದುದು ಎಲ್ಲಿ ಗೊತ್ತೇ? ನಮ್ಮ ಬಾಡಿಗೆಯ ಮೂಲೆ ಮನೆಯಲ್ಲಿರುವ ದುರ್ಗವ್ವನ ಹತ್ತಿರ. ಕೊಪ್ಪಳದ ಕಡೆಯಿಂದ ಬಂದು ಗಾರ್ಮೆಂಟ್ಸಿಗೆ ಹೋಗುವ ಹೆಂಗಸು. ಹೊಸಬಳು, ಈ ಮನೆಯ ಮೇಲೆ ಯಾವ ದ್ವೇಷವೂ ಇರಲಾರದವಳು ಎಂದು ಲೆಕ್ಕ. ಜೋಳದ ರೊಟ್ಟಿಯನ್ನು ಕಣ್ಣೆತ್ತಿಯೂ ನೋಡದಿದ್ದ ನಮ್ಮತ್ತೆ, ಉಳಿದ ನಾಲ್ಕು ಹಲ್ಲಿನಲ್ಲಿ ಅವಳ ಒಣಗಿದ ಗಟ್ಟಿ ಕಟಿರೊಟ್ಟಿಯನ್ನು ಕಡಿಯುತ್ತಿದ್ದರು. ದುರ್ಗವ್ವನೇ ಸಂಕೋಚದಿಂದ ನನಗೆ ಬಂದು ಹೇಳಿದಳು. "ಅಕ್ಕಾರ, ನಿಮ್ಮ ಅತ್ತಿಯವರು ನಮ್ಮನ್ಯಾಗ ಉಣ್ಣಾಕತ್ತಾರ್ರಿ. ಬ್ಯಾಡ ಅನ್ನಾಕ ಬಾಯಿ ಬರವಲ್ದು. ಆದ್ರ ನಿಮ್ಮ ಬಗ್ಗೆ ಒಂದ್ ಮಾತ್ ಅಂದ್ರು, ಅದನ್ನ ನಾ ಹೆಂಗ ಹೇಳ್ಲಿ."

ಹೇಳಬೇಕಾಗಿರಲಿಲ್ಲ. ನನಗೆ ಗೊತ್ತಾಯಿತು. ಕಾಲ ಕೆಳಗಿನ ನೆಲ ಕುಸಿದಂತಾಯಿತು ಅಂತಾರಲ್ಲ, ಅದೆಲ್ಲ ಸುಳ್ಳು. ನನಗೆ ಬಂದದ್ದು ಸಿಟ್ಟು, ಉರಿಯುವ ಸಿಟ್ಟು. ಇಪ್ಪತ್ತೊಂದು ವರ್ಷ ಈ ಕೈಯಲ್ಲಿ ಬೇಯಿಸಿ ಹಾಕಿದ್ದೇನೆ. ಬಾಣಂತಿಯಾಗಿ ಎದ್ದವಳೇ ಒಲೆ ಮುಂದೆ ಕೂತಿದ್ದೇನೆ. ಸೀದಾ ಹೋಗಿ ಕೇಳಿಯೇಬಿಟ್ಟೆ. ಅತ್ತೆ ಕುರ್ಚಿಯಿಂದ ಏಳಲಿಲ್ಲ.

"ಬಾಯಲ್ಲಿ ಕಲ್ಲಿನಂಗೆ ಗಂಟು ಕೂತೈತೆ. ನಿಮ್ಮ ಮಾವಂಗೆ ಹೊಟ್ಟೇಲಿ ಕೂತಿತ್ತು, ನಂಗೆ ಇನ್ನೂ ಕೆಳಕ್ಕೆ ಇಳ್ದಿಲ್ಲ. ನಾನು ಬೇರೆ ಯಾರ ಕೈಯಲ್ಲಿ ತಿಂತೀನಿ ಹೇಳು ಶೋಭಾ. ನೀನೇ ಹೇಳು."

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ತಣ್ಣಗೆ ಕೇಳಿದ್ದರು. ಆಸ್ಪತ್ರೆಗೆ ಹೋಗೋಣ ಬನ್ನಿ ಎಂದೆ. ಆಸ್ಪತ್ರೆಯವರು ಕತ್ತರಿ ಹಾಕುತ್ತಾರೆ, ಕತ್ತರಿ ಹಾಕಿದರೆ ಮದ್ದು ಮೈಗೆಲ್ಲ ಹರಡುತ್ತದೆ, ನಿನಗೆ ಬೇಕಾಗಿರುವುದೂ ಅದೇ ಎಂದರು.

ಗಂಡನಾದರೂ ನನ್ನ ಪರ ನಿಲ್ಲುತ್ತಾರೆಂದು ಕಾದೆ. ಯೋಗಾನಂದ ಕೆಟ್ಟವರಲ್ಲ. ಪೀಣ್ಯದಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಸಂಭಾವಿತ ಮನುಷ್ಯ, ಜೋರಾಗಿ ಕೆಮ್ಮಿದವರಲ್ಲ. ಅಮ್ಮಂಗೆ ವಯಸ್ಸಾಯ್ತು ಕಣೇ, ತಲೆಗೆ ಹಾಕ್ಕೋಬೇಡ ಎಂದರು. ನನಗೆ ಸಮಾಧಾನವಾಯಿತು. ಆದರೆ ಆ ವಾರ ಡಬ್ಬಿ ಬೇಡ ಎಂದರು, ಆಫೀಸಿನಲ್ಲಿ ಯಾರದೋ ಪಾರ್ಟಿಯಂತೆ. ಮರುದಿನ ಹಸಿವಿಲ್ಲ. ಆಮೇಲೆ ರಾತ್ರಿ ಊಟಕ್ಕೂ ಬರುವಾಗಲೇ ಮುಗಿಸಿ ಬರತೊಡಗಿದರು. ಒಂದು ದಿನ ಸುಂಕದಕಟ್ಟೆಗೆ ತರಕಾರಿಗೆ ಹೋದವಳು ಮಿಲಿಟರಿ ಹೋಟೆಲಿನ ಮುಂದೆ ಅವರ ಸ್ಕೂಟರ್ ನಿಂತಿರುವುದನ್ನು ನೋಡಿದೆ. ಒಳಗೆ ಗೋಡೆ ಕಡೆ ಮುಖ ಮಾಡಿಕೊಂಡು ಮುದ್ದೆ ನುಂಗುತ್ತಿದ್ದರು. ಮನೆಯಲ್ಲಿ ನಾನು ಅದೇ ಮುದ್ದೆ ಮಾಡಿಟ್ಟು ಬಂದಿದ್ದೆ.

ಅತ್ತೆ ಅನುಮಾನಪಟ್ಟಾಗ ನನಗೆ ಸಿಟ್ಟು ಬಂದಿತ್ತು. ಇವರನ್ನು ನೋಡಿದಾಗ ಅಳು ಬಂತು. ತರಕಾರಿ ಚೀಲ ಹಿಡಿದುಕೊಂಡು ರೋಡಿನಲ್ಲೇ ಕಣ್ಣೀರು ಹಾಕಿದೆ. ಮಗಳು ಸ್ಪಂದನ ಬಿ.ಕಾಂ. ಕೊನೆಯ ವರ್ಷ. ನಾಳೆ ಅವಳನ್ನು ನೋಡಲು ಬರುವವರಿಗೆ ಯಾರಾದರೂ ಅವರಮ್ಮ ಮದ್ದು ಹಾಕುವವಳು ಎಂದುಬಿಟ್ಟರೆ? ಅವಳಿಗೂ ಮುಳಬಾಗಿಲಿನಾಚೆ, ನಮ್ಮ ಹೆಸರು ಕೇಳದ ಊರು ಹುಡುಕಬೇಕಾಗುತ್ತದೆ.

ಬಟ್ಟೆ ಒಣಗಿಸಲು ಟೆರೇಸಿಗೆ ಹೋದಾಗ ಆಚೆ ಟೆರೇಸಿನಿಂದ ಇಂದ್ರಮ್ಮ ಮಾತಾಡಿಸಿದರು. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಗಿತ್ತೋ, ದುರ್ಗವ್ವ ಹೇಳಿದ್ದಳೋ, ಕಾಣೆ.

"ನಾಯಿಗೆ ಹಾಕೋಕೆ ಶುರು ಮಾಡಿದ್ರಾ?" ಎಂದರು. "ನಂಗೂ ಹಂಗೇ ಶುರುವಾಗಿದ್ದು. ಡಾಕ್ಟ್ರಿಗೆ ತೋರ್ಸಮ್ಮ. ಎಳ್ಕೊಂಡಾದ್ರೂ ಹೋಗಿ ತೋರ್ಸು. ಅವತ್ತು ನಿಮ್ಮ ಮಾವನ್ನ ಯಾರೂ ಕರ್ಕೊಂಡು ಹೋಗ್ಲಿಲ್ಲ."

ನಾನು ಸರಸರನೆ ಇಳಿದುಬಂದೆ. ಅವರ ಜೊತೆ ಮಾತಾಡಿದ್ದನ್ನು ಅತ್ತೆ ನೋಡಿದರೆ ಇಬ್ಬರೂ ಸೇರಿಕೊಂಡಿದ್ದೇವೆ ಎನ್ನುವುದು ಖಾತ್ರಿ. ನೋಡಿಯೂ ಆಗಿತ್ತು. ಕೆಳಗೆ ಕುರ್ಚಿ ನಮ್ಮ ಮೆಟ್ಟಿಲಿನ ಕಡೆಗೆ ತಿರುಗಿತ್ತು.

ಅದಾದ ಎರಡೇ ದಿನಕ್ಕೆ ಅತ್ತೆ ಮಗನನ್ನು ಕರೆದುಕೊಂಡು ಮದ್ದು ತೆಗೆಸಲು ಹೊರಟರು. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಳಗೆ ಯಾವುದೋ ಹಳ್ಳಿ. ಅಲ್ಲೊಬ್ಬ ಹಸಿರು ರಸ ಕುಡಿಸಿ ಕಕ್ಕಿಸುತ್ತಾನೆ. ಸಂಜೆ ವಾಪಸ್ಸು ಬಂದಾಗ ಅತ್ತೆಗೆ ನಿಲ್ಲಲು ತ್ರಾಣವಿರಲಿಲ್ಲ, ಮುಖದಲ್ಲಿ ಮಾತ್ರ ಗೆದ್ದ ಕಳೆ. ಬೇಸಿನ್ನಿನಲ್ಲಿ ಕರೀ ಗೋಲಿಯಂಥದ್ದು ಬಿತ್ತಂತೆ, ಕೂದಲು ಸುತ್ತಿಕೊಂಡಿತ್ತಂತೆ. ಆ ಕೂದಲು ಹೆಂಗಸಿನದು ಎಂದು ಅವನು ಹೇಳಿದನಂತೆ. ನಾನು ನನ್ನ ಜಡೆಯನ್ನು ಸೆರಗಿನೊಳಗೆ ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆನೋ ನನಗೇ ತಿಳಿಯದು.

ಅತ್ತೆ ದಿಂಬಿಗೆ ಒರಗಿ ಕಣ್ಣು ಮುಚ್ಚಿದರು. ಕೆನ್ನೆ ಅಲುಗಿತು. ನಾಲಿಗೆ ಮೇಲಕ್ಕೆ ಹೋಗಿತ್ತು. ಕಣ್ಣು ತೆರೆದರು. ಗಂಟು ಅಲ್ಲೇ ಇತ್ತು.

ಇನ್ನಾದರೂ ಆ ಮೋಸಗಾರನ ಮೇಲೆ ಅನುಮಾನ ಬರುತ್ತದೆ ಎಂದು ನಾನು ಒಳಗೊಳಗೇ ಕುಣಿದೆ. ನಮ್ಮತ್ತೆಯ ತಲೆ ಹಾಗೆ ಓಡುವುದಿಲ್ಲ. ತೆಗೆದ ಮೇಲೂ ಇದೆ ಎಂದರೆ ಮತ್ತೆ ಹಾಕಿದ್ದಾರೆ. ಯಾವಾಗ? ಬಂದ ತಕ್ಷಣ ಕುಡಿದ ನೀರಿನಲ್ಲಿ. ಆ ನೀರು ಕೊಟ್ಟವಳು ಯಾರು? ನಾನು. ನಿಮಗೆ ಬಾಯಾರಿ ನಾಲಿಗೆ ಹೊರಗೆ ಬಿದ್ದಿತ್ತಲ್ಲ ಅತ್ತೆ, ಅದಕ್ಕೆ ಕೊಟ್ಟೆ ಎಂದು ಅರಚಿದೆ. ಅವತ್ತಿನಿಂದ ಅವರು ನಲ್ಲಿಯ ನೀರನ್ನು ತಾವೇ ಹಿಡಿದುಕೊಂಡು ಕುಡಿಯತೊಡಗಿದರು.

ಇತ್ತ ಕಟಿರೊಟ್ಟಿ ಅಂಗುಳಕ್ಕೆ ಉಜ್ಜಿ ಉಜ್ಜಿ ಗಂಟಿನ ಮೇಲೆ ಹುಣ್ಣಾಯಿತು. ಉಗುಳಿದರೆ ರಕ್ತ. ಇನ್ನು ಹೆಚ್ಚು ದಿನ ಇಲ್ಲ ಎಂದು ಅವರೇ ತೀರ್ಮಾನ ಮಾಡಿಕೊಂಡರು. ತಾನು ಸತ್ತರೆ ಶೋಭಾರಾಣಿ ಹೆಣ ಮುಟ್ಟಬಾರದು ಎಂದು ಮಗನ ಕೈಯಲ್ಲಿ ಭಾಷೆ ತಗೊಂಡರು. ನನ್ನ ಗಂಡ ಭಾಷೆ ಕೊಟ್ಟರು. ನನ್ನ ಎದುರಿಗೇ ಕೊಟ್ಟರು. ಅದನ್ನು ನಾನು ಮರೆಯಲಾರೆ.

ನಮ್ಮ ಮನೆ ಉಳಿದದ್ದು ಒಂದು ಮಟನ್ ಮೂಳೆಯಿಂದ. ಅದೇ ಹೋಟೆಲಿನಲ್ಲಿ ಯೋಗಾನಂದ ಮೂಳೆ ಕಡಿಯಲು ಹೋಗಿ ದವಡೆ ಹಲ್ಲು ಸೀಳಿಕೊಂಡರು. ಕೆನ್ನೆ ಊದಿಸಿಕೊಂಡು ಬಂದ ಮನುಷ್ಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾನೇ ಕುರುಬರಹಳ್ಳಿಯ ಡೆಂಟಲ್ ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ಅಲಮೇಲು ಎಂದು, ಕನ್ನಡಕ ಹಾಕಿಕೊಂಡ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಲ್ಲು ನೋಡಿ, ಬಾಯಿಯೆಲ್ಲ ಲೈಟು ಹಾಕಿ ನೋಡಿ, ನಿಮ್ಮ ಅಂಗುಳದಲ್ಲಿ ಒಂದು ಉಬ್ಬು ಇದೆ, ಗೊತ್ತಾ ಸಾರ್ ಎಂದು ಕೈಗೆ ಕನ್ನಡಿ ಕೊಟ್ಟರು.

ನನ್ನ ಗಂಡ ಕನ್ನಡಿಯಲ್ಲಿ ನೋಡಿಕೊಂಡರು. ಆಮೇಲೆ ಕನ್ನಡಿಯಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು. ನೋವಿನಿಂದ ಬಾಯಿ ತೆರೆದೇ ಇತ್ತು. ಕಣ್ಣು ಮಾತ್ರ ಕೇಳಿತು: ನಂಗೂನಾ?

ಅಲ್ಲಿದ್ದ ಇಕ್ಕಳವನ್ನೇ ಎತ್ತಿಕೊಂಡು ಉಳಿದ ಹಲ್ಲನ್ನೂ ಕಿತ್ತುಬಿಡಬೇಕು ಅನ್ನಿಸಿತು ನನಗೆ. ತಡೆದುಕೊಂಡು ಡಾಕ್ಟರನ್ನು ಕೇಳಿದೆ, ಅದು ಏನು, ಯಾಕೆ ಬರುತ್ತದೆ, ಯಾರಾದರೂ ತಿನ್ನಿಸಿದರೆ ಬರುತ್ತದಾ. ಅವರು ನಕ್ಕರು. ಗಡ್ಡೆಯಲ್ಲ, ಕ್ಯಾನ್ಸರ್ ಅಲ್ಲ, ಅಂಗುಳದ ಮೂಳೆಯೇ ನಡುಗೆರೆಯಲ್ಲಿ ಸ್ವಲ್ಪ ಹೆಚ್ಚು ಬೆಳೆದುಕೊಂಡಿದೆ, ಟೋರಸ್ ಅಂತಾರೆ ಎಂದರು. ಎಷ್ಟೋ ಜನರಿಗೆ ಇರುತ್ತದಂತೆ. ನಿಧಾನವಾಗಿ, ವರ್ಷಗಟ್ಟಲೆ ಬೆಳೆಯುವುದರಿಂದ ಇರುವವರಿಗೇ ಗೊತ್ತಿರುವುದಿಲ್ಲವಂತೆ. ಬಾಯಿ ಸುಟ್ಟಾಗಲೋ, ಹಲ್ಲಿನ ಸೆಟ್ಟು ಕಟ್ಟಿಸುವಾಗಲೋ ಗೊತ್ತಾಗಿ ಹೆದರಿಕೊಂಡು ಓಡಿಬರುತ್ತಾರಂತೆ. ತೊಂದರೆ ಕೊಡದಿದ್ದರೆ ಮುಟ್ಟುವ ಅಗತ್ಯವೂ ಇಲ್ಲ. ಒಂದೇ ಮನೆಯವರಲ್ಲಿ ಕಾಣಿಸಿಕೊಳ್ಳುವುದುಂಟು, ನಿಮ್ಮ ತಂದೆಗೋ ತಾಯಿಗೋ ಇದೆಯಾ ಸಾರ್ ಎಂದು ಕೇಳಿದರು.

"ಅವ್ರಮ್ಮಂಗಿದೆ" ಎಂದು ನಾನೇ ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಹೊರಗೆ ಕೂತಿದ್ದವರು ಬಾಗಿಲಿನಿಂದ ಇಣುಕಿದರು.

ಮನೆಗೆ ಬಂದು ನನ್ನ ಗಂಡ ಅಮ್ಮನ ಮುಂದೆ ನಿಂತು, ನಂಗೂ ಇದೆ ಕಣಮ್ಮ ಎಂದರು. ಡಾಕ್ಟರು ಹೇಳಿದ್ದನ್ನೂ ಹೇಳಲು ಹೋದರು, ಅತ್ತೆಗೆ ಅದು ಕಿವಿಗೇ ಬೀಳಲಿಲ್ಲ. ತನ್ನ ಸಾವಿಗೆ ಹೆದರದ ಹೆಂಗಸು ಮಗನ ಕೆನ್ನೆ ಹಿಡಿದುಕೊಂಡು ಗಡಗಡ ನಡುಗಿದರು. ಯಾವ ಡಾಕ್ಟ್ರು, ನಡಿ, ಈಗ್ಲೇ ನಡಿ, ಕುಯ್ದಾದ್ರೂ ತೆಗಿಸ್ತೀನಿ ಎಂದು ಚಪ್ಪಲಿ ಹುಡುಕತೊಡಗಿದರು. ತನಗಾಗಿ ಯಾರ ಮಾತಿಗೂ ಹೊಸ್ತಿಲು ದಾಟದವರು ಮಗನಿಗಾಗಿ ಆಟೋ ಹತ್ತಿದರು. ಆಟೋದಲ್ಲಿ ನನ್ನ ಸೀರೆ ತಾಗದಂತೆ ಒತ್ತರಿಸಿಕೊಂಡು ಕೂತರು.

ಡಾಕ್ಟರ್ ಅಲಮೇಲು ತಾಳ್ಮೆಯ ಹುಡುಗಿ. ಅತ್ತೆಯ ಬಾಯಿ ನೋಡಿ, ಅಜ್ಜಿ, ಇಬ್ಬರದೂ ಒಂದೇ ಥರ ಇದೆ ನೋಡಿ ಎಂದು ಫೋನಿನಲ್ಲಿ ಫೋಟೋ ತೆಗೆದು ತೋರಿಸಿದರು. ಅತ್ತೆ ಫೋಟೋವನ್ನು ನಂಬುವವರೇ? ಫೋನಿನಲ್ಲಿ ಏನು ಬೇಕಾದರೂ ಬರುತ್ತದೆ ಎಂದರು. ಡಾಕ್ಟರು ಸೋಲಲಿಲ್ಲ. ಅತ್ತೆಯ ಕೈ ತೊಳೆಸಿ, ಗ್ಲೌಸು ಹಾಕಿಸಿ, ನೀವೇ ಮುಟ್ಟಿ ನೋಡಿ ಎಂದು ಮಗನ ಬಾಯಿ ತೆರೆಸಿದರು. ಊದಿದ ಕೆನ್ನೆಯ ನನ್ನ ಗಂಡ ನೋವಿಗೆ ಕಣ್ಣು ಮುಚ್ಚಿಕೊಂಡು ಕೂತರು. ಅತ್ತೆ ಬೆರಳಿಟ್ಟು ಒತ್ತಿದರು. ಇನ್ನೊಂದು ಕೈಯ ಹೆಬ್ಬೆರಳನ್ನು ತಮ್ಮ ಬಾಯಿಗೇ ಹಾಕಿಕೊಂಡು ಅಲ್ಲೂ ಒತ್ತಿದರು. ಸುಮಾರು ಹೊತ್ತು ಹಾಗೇ ಇದ್ದರು. ನಗು ಬರಬೇಕಿತ್ತು, ನನಗೆ ಬರಲಿಲ್ಲ. ನನ್ನ ಮುಂದಿನ ಬದುಕೆಲ್ಲ ಆ ಎರಡು ಬೆರಳಿನ ಕೆಳಗೆ ಇತ್ತು.

"ಮೂಳೆ ಕಣೋ" ಎಂದರು ಅತ್ತೆ.

ನಾನು ಮುಂದೆ ಬಂದೆ. ಡಾಕ್ಟ್ರೇ, ನಾನು ಈ ಮನೆಗೆ ಸೊಸೆಯಾಗಿ ಬರೋಕೆ ಮುಂಚೇನೇ ಇದು ಇತ್ತಾ ಹೇಳಿ ಎಂದೆ. ಆ ಹುಡುಗಿಗೆ ನನ್ನ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. ಇಷ್ಟು ದೊಡ್ಡದಾಗಬೇಕಾದರೆ ಹಳೆಯದೇ, ಬಹುಶಃ ನೀವು ಹುಟ್ಟುವ ಮುಂಚೆಯೇ ಶುರುವಾಗಿರಬಹುದು ಎಂದರು. ಹುಣ್ಣಾಗಿರುವುದು ಗಟ್ಟಿ ಪದಾರ್ಥ ತಾಗಿ, ಹತ್ತು ದಿನ ಮೆತ್ತಗಿರುವುದು ತಿಂದು ಮತ್ತೆ ಬಂದು ತೋರಿಸಿ ಎಂದು ಹಚ್ಚಲು ಮುಲಾಮು ಬರೆದರು. ಕಡ್ಡಿಪುಡಿಯ ಕರೆ ನೋಡಿ, ಅನುಮಾನ ಪಡೋದಾದ್ರೆ ಇದರ ಮೇಲೆ ಪಡಿ ಅಜ್ಜಿ, ನಿಜವಾಗ್ಲೂ ಕೊಲ್ಲೋದು ಇದೇ ಎಂದು ಬೈದರು.

ಅವತ್ತು ರಾತ್ರಿ ಅತ್ತೆ ತಟ್ಟೆಯ ಮುಂದೆ ಬಂದು ಕೂತರು. ಆರಿಸಿದ ಮೆತ್ತನೆ ಮುದ್ದೆ, ಸಪ್ಪೆಸಾರು. ನಾಯಿ ಗೇಟಿನಲ್ಲಿ ಕಾದೇ ಕಾಯಿತು. ಅತ್ತೆ ಎಲ್ಲವನ್ನೂ ತಾವೇ ಉಂಡು, ಉಪ್ಪು ಕಮ್ಮಿ ಎಂದರು. ಅಷ್ಟೇ. ತಪ್ಪಾಯಿತು ಎನ್ನುವ ಮಾತು ಅವರ ಬಾಯಲ್ಲಿ ಬರುತ್ತದೆಂದು ನಾನೂ ಕಾದಿರಲಿಲ್ಲ. ಗಂಡ ಮರುದಿನ ಡಬ್ಬಿಯನ್ನು ತಾವೇ ತೊಳೆದು ಕಟ್ಟೆಯ ಮೇಲೆ ಇಟ್ಟರು. ನಾನು ತುಂಬಿಸಿದೆ, ಮಾತು ಮಾತ್ರ ಆಡಲಿಲ್ಲ. ಕೊಟ್ಟ ಭಾಷೆಯನ್ನು ವಾಪಸ್ಸು ತಗೊಳ್ಳುವವರೆಗೆ ಆಡುವುದೂ ಇಲ್ಲ.

ಸಂಜೆಯೊಳಗೆ ಅತ್ತೆ ವಠಾರಕ್ಕೆಲ್ಲ ತಮ್ಮ ಮೂಳೆಯ ಸುದ್ದಿ ಹೇಳಿ ಮುಗಿಸಿದರು. ನಮ್ಮ ವಂಶದ ಮೂಳೆ, ಮಗನಿಗೂ ಇದೆ ಎಂದು ಜಂಬ ಬೇರೆ. ದುರ್ಗವ್ವ ನನ್ನ ಕಡೆ ನೋಡಿ ನಕ್ಕಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಆ ಧೈರ್ಯದಲ್ಲೇ ಅತ್ತೆಯ ಪಕ್ಕ ಕೂತು, ಹಾಗಾದರೆ ಮಾವನ ಹೊಟ್ಟೆಯಲ್ಲಿದ್ದದ್ದೂ ಮದ್ದಲ್ಲವೇನೋ ಅತ್ತೆ, ಯಾವುದೋ ಕಾಯಿಲೆ ಇರಬೇಕು, ಇಂದ್ರಮ್ಮ ಚಿಕ್ಕತ್ತೆ ಏನು ಮಾಡಿದ್ದರು ಪಾಪ ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅದು ಬೇರೆ. ಅದು ನಾನು ಕಣ್ಣಾರೆ ಕಂಡಿದ್ದು" ಎಂದರು.

ಏನು ಕಂಡಿದ್ದಿರಿ ಎಂದು ಕೇಳಿದೆ. ಉಂಡು ಬಂದದ್ದನ್ನು ಕಂಡೆ, ಸತ್ತದ್ದನ್ನು ಕಂಡೆ, ಇನ್ನೇನು ಕಾಣಬೇಕು ಎಂದರು. ನನ್ನ ಪರವಾಗಿ ಸಾಕ್ಷಿ ಹೇಳಲು ಒಬ್ಬ ಡಾಕ್ಟರು ಸಿಕ್ಕಿದ್ದರು, ಇಂದ್ರಮ್ಮನಿಗೆ ಯಾರು ಸಿಗುತ್ತಾರೆ? ಮಾವ ಮಣ್ಣಾಗಿ ಮೂವತ್ತು ವರ್ಷವಾಯಿತು.

ಮರುದಿನ ಮಧ್ಯಾಹ್ನ ನಾನು ಆಚೆ ಮನೆಗೆ ಹೋದೆ. ಟೆರೇಸಿನಿಂದಲ್ಲ, ಎಲ್ಲರಿಗೂ ಕಾಣುವ ಹಾಗೆ ಮುಂದಿನ ಗೇಟು ತೆಗೆದುಕೊಂಡೇ ಹೋದೆ. ಅತ್ತೆ ಕುರ್ಚಿಯಿಂದ ನೋಡಲಿ ಎಂದೇ ಹೋದೆ. ಇಂದ್ರಮ್ಮ ಗಡಿಬಿಡಿಯಿಂದ ಚಾಪೆ ಹಾಸಿದರು. ನಡೆದದ್ದನ್ನೆಲ್ಲ ಹೇಳಿದೆ. ಮೂಳೆನಾ ಎಂದು ಎರಡು ಮೂರು ಸಲ ಕೇಳಿದರು. ನೀನು ಗೆದ್ದೆ ಬಿಡಮ್ಮ ಎಂದು ನನ್ನ ಕೈ ಹಿಡಿದುಕೊಂಡರು. ಹೊಟ್ಟೆಕಿಚ್ಚಿಲ್ಲ, ಏನಿಲ್ಲ, ನಿಜವಾಗಿ ಸಂತೋಷಪಟ್ಟರು.

"ಚಿಕ್ಕತ್ತೆ, ಒಂದು ಲೋಟ ಮಜ್ಜಿಗೆ ಕೊಡಿ" ಎಂದೆ.

ಅವರು ಕೂತಲ್ಲೇ ನನ್ನನ್ನು ನೋಡಿದರು, ಮತ್ತೆ ಕೇಳಲಿ ಎನ್ನುವ ಹಾಗೆ. ಕೊಡಿ, ಸೆಕೆ ಎಂದೆ. ಎದ್ದು ಒಳಗೆ ಹೋದರು.

ನಾನು ಕೂತಿದ್ದೆ. ಒಳಗಿನಿಂದ ಪಾತ್ರೆ ಜರುಗಿಸಿದ ಸದ್ದು ಬಂತು. ಆಮೇಲೆ ಯಾವುದೋ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಯಾವ ಡಬ್ಬಿ? ಉಪ್ಪಿನದಿರಬೇಕು. ಉಪ್ಪಿಗೆ ಇಷ್ಟು ಹೊತ್ತು ಯಾಕೆ? ಇನ್ನೊಂದು ಡಬ್ಬಿಯನ್ನು ಯಾಕೆ ತೆಗೆಯುತ್ತಿದ್ದಾರೆ? ಹಾಗೆ ಯೋಚಿಸುತ್ತ ನನ್ನ ಕತ್ತು ತಾನಾಗಿ ಅಡುಗೆಮನೆಯ ಕಡೆ ವಾಲಿತ್ತು. ಗೊತ್ತಾದಾಗ ಮೈಯೆಲ್ಲ ನಾಚಿಕೆಯಿಂದ ಬೆವರಿತು. ಅತ್ತೆಯನ್ನು ಇಷ್ಟು ಬೈದವಳು ನಾನು, ಗಂಡನ ಜೊತೆ ಮಾತು ಬಿಟ್ಟವಳು ನಾನು.

ಇಂದ್ರಮ್ಮ ಬಂದರು. ಒಂದು ಕೈಯಲ್ಲಿ ತುಂಬಿದ ಲೋಟ, ಮೇಲೆ ಕೊತ್ತಂಬರಿ ಸೊಪ್ಪು ತೇಲುತ್ತಿತ್ತು. ಇನ್ನೊಂದು ಕೈಯಲ್ಲಿ ಒಂದು ಪುಟ್ಟ ಖಾಲಿ ಲೋಟ. ನನ್ನ ಮುಂದೆ ನಿಂತು, ದೊಡ್ಡ ಲೋಟದಿಂದ ಚಿಕ್ಕದಕ್ಕೆ ಸ್ವಲ್ಪ ಬಗ್ಗಿಸಿಕೊಂಡು, ನನಗೆ ಕಾಣುವ ಹಾಗೆ ತಾವು ಕುಡಿದರು. ಬಾಯಿ ಒರೆಸಿಕೊಂಡರು. ನಾನೇನೂ ಕೇಳಿರಲಿಲ್ಲ. ಯಾರೂ ಕೇಳದೆಯೇ ಹಾಗೆ ಮಾಡುವುದು ಅವರಿಗೆ ಎಷ್ಟು ವರ್ಷದಿಂದ ರೂಢಿಯಾಗಿತ್ತೋ.

"ಈಗ ಕುಡೀಬೋದು ಕಣಮ್ಮ" ಎಂದು ದೊಡ್ಡ ಲೋಟವನ್ನು ನನ್ನ ಕೈಗೆ ಕೊಟ್ಟರು.

ಕುಡಿದೆ. ಪೂರ್ತಿ ಖಾಲಿಯಾಗುವವರೆಗೂ ಅವರು ಕೂರದೆ, ಮಜ್ಜಿಗೆ ನಿಜವಾಗಿ ಕೆಳಗೆ ಇಳಿಯುತ್ತಿದೆಯೇ ಎಂದು ನನ್ನ ಗಂಟಲನ್ನೇ ನೋಡುತ್ತ ನಿಂತಿದ್ದರು.